ಹೆಸರಿಗೆ ಹದಿನಾಲ್ಕು ಸೆಕೆಂಡು

"ಮರ."

"ನೆರಳು."

"ಹಸು."

"ಹಾಲು."

"ಹೆಸರು."

ಎದುರಿಗೆ ಕೂತಿದ್ದ ಹುಡುಗ ಬಾಯಿ ತೆರೆದ. ಮತ್ತೆ ಮುಚ್ಚಿದ. ಮಂಗಳಗೌರಿಯ ಕೈಯಲ್ಲಿದ್ದ ಸ್ಟಾಪ್‌ವಾಚಿನ ಮುಳ್ಳು ಓಡುತ್ತಲೇ ಇತ್ತು. ಐದು... ಎಂಟು... ಹನ್ನೊಂದು... ಅವನ ಕಣ್ಣು ಅವಳ ಹೆಗಲಾಚೆಗೆ ಹೋಗಿ ನಿಂತಿತ್ತು. ಹಿಂದೆ ಯಾರೋ ಬಂದು ನಿಂತರೇನೋ ಎಂದು ಅವಳು ತಿರುಗಿಯೇ ನೋಡಿದಳು. ಯಾರೂ ಇರಲಿಲ್ಲ.

"ಗೊತ್ತಿಲ್ಲ," ಎಂದ ಕೊನೆಗೆ.

ಹದಿನಾಲ್ಕು ಸೆಕೆಂಡು! ಪದ ಕಿವಿಗೆ ಬಿದ್ದೊಡನೆ ಹೊಳೆದದ್ದನ್ನು ಹೇಳುವುದಷ್ಟೇ ಪ್ರಯೋಗ; ಹೆಸರು ಅಂದರೆ ಎಲ್ಲರೂ ತಮ್ಮ ಹೆಸರನ್ನೇ ಹೇಳುತ್ತಾರೆ. ಇವನಿಗೆ ಅದೂ ಗೊತ್ತಿಲ್ಲವೇ?

ಅದು 1997. ಮಂಗಳಗೌರಿ ನಂಜನಗೂಡಿನಿಂದ ದಿನಾ ಪ್ಯಾಸೆಂಜರ್ ರೈಲಿನಲ್ಲಿ ಮೈಸೂರಿಗೆ ಹೋಗಿ ಓದುತ್ತಿದ್ದ ಎರಡನೇ ಬಿಎ ಹುಡುಗಿ. ಮನಶ್ಶಾಸ್ತ್ರ ತೆಗೆದುಕೊಂಡವರು ಪ್ರಾಕ್ಟಿಕಲ್‌ಗೆ ತಮ್ಮ 'ಸಬ್ಜೆಕ್ಟ್' ಅನ್ನು ತಾವೇ ಹುಡುಕಿಕೊಳ್ಳಬೇಕು. ಸಬ್ಜೆಕ್ಟ್ ಎಂದರೆ ಪ್ರಯೋಗಕ್ಕೆ ಕೂರುವ ಜೀವಂತ ಮನುಷ್ಯ. ಗೆಳತಿ ಅರ್ಪಿತ ಹಿಸ್ಟರಿ ಕ್ಲಾಸಿನಿಂದ ಎಳೆದುತಂದ ಈ ಹುಡುಗನ ವಿವರ ರೆಕಾರ್ಡ್ ಪುಸ್ತಕದಲ್ಲಿತ್ತು. ಬಸವೇಶ್, ವಯಸ್ಸು ಇಪ್ಪತ್ತು, ಊರು ತಿ. ನರಸೀಪುರ.

ಶನಿವಾರಕ್ಕೊಂದು ಪ್ರಯೋಗ. ಅವನು ತಪ್ಪದೆ ಬರುತ್ತಿದ್ದ. ಕನ್ನಡಿ ನೋಡಿಕೊಂಡು ನಕ್ಷತ್ರ ಬರೆಯುವ ಪ್ರಯೋಗದ ದಿನ ಮಾತ್ರ, "ಇದೊಂದು ಬ್ಯಾಡ ಕಣ್ರೀ," ಎಂದು ಪೆನ್ಸಿಲ್ ಕೆಳಗಿಟ್ಟ. ಯಾಕೆಂದು ಅವಳು ಕೇಳಲಿಲ್ಲ. ಕೇಳದೇ ಇದ್ದುದಕ್ಕೆ ಅವನು ಕಣ್ಣಲ್ಲೇ ಕೃತಜ್ಞತೆ ಹೇಳಿದ. ಅವತ್ತಿನಿಂದ ಅವಳಿಗೆ ವಾರದಲ್ಲಿ ಶನಿವಾರ ಬಿಟ್ಟು ಮಿಕ್ಕ ದಿನಗಳೇ ಬೇಡವಾದವು.

ಅವನು ಹೆಚ್ಚು ಮಾತಾಡುತ್ತಿರಲಿಲ್ಲ. ಆದರೆ ಅವಳು ತಾಂಡವಪುರದಲ್ಲಿ ರೈಲು ಕೆಟ್ಟು ನಿಂತ ಕಥೆ ಹೇಳಿದರೆ ಮನಸಾರೆ ನಗುತ್ತಿದ್ದ. ಗಡಿಯಾರ ಮೂರು ಹೊಡೆದರೆ ನಗು ಅಲ್ಲೇ ನಿಂತುಬಿಡುತ್ತಿತ್ತು. "ಮನೇಲಿ ಕರೀತಿರ್ತಾರೆ," ಎಂದು ಎದ್ದು ಹೋಗುತ್ತಿದ್ದ. ಒಮ್ಮೆ ವರಾಂಡದಲ್ಲಿ ಹಿಂದಿನಿಂದ ಅವಳು, "ಬಸವೇಶ್..." ಎಂದು ಕೂಗಿದಳು. ತಿರುಗಲಿಲ್ಲ. ಮತ್ತೆ ಕೂಗಿದಳು. ಮೂರನೇ ಸಲಕ್ಕೆ ಬೆಚ್ಚಿಬಿದ್ದವನಂತೆ ನಿಂತ. "ನನ್ನನ್ನೇ ಕರುದ್ರಾ?" ಎಂದ.

ಇಷ್ಟಾದ ಮೇಲೆ ಅವಳು ಮಾಡಿದ್ದು ಎರಡನೇ ವರ್ಷದ ಮನಶ್ಶಾಸ್ತ್ರದವರು ಮಾತ್ರ ಮಾಡುವ ತಪ್ಪು. ಆ ವರ್ಷ ಅವರಿಗೆ ಒಂದು ಬಗೆಯ ಜ್ವರ ಹಿಡಿದಿರುತ್ತದೆ. ಮನೆಯಲ್ಲಿ ಅಪ್ಪ ಸೀನಿದರೂ ಅದರ ಹಿಂದೊಂದು ಕಾರಣ ಹುಡುಕುತ್ತಾರೆ. ಉತ್ತರ ತಡವಾದರೆ ಒಳಗೇನೋ ಅಡಗಿದೆ ಎಂದು ಮೇಷ್ಟ್ರು ಪಾಠ ಮಾಡಿದ್ದರು. ಹುಷಾರು, ಒಂದೇ ಪದ ಹಿಡಿದು ತೀರ್ಪು ಕೊಡಬೇಡಿ ಎಂದೂ ಹೇಳಿದ್ದರು. ಅದು ಅವಳ ಕಿವಿಗೆ ಬೀಳಲಿಲ್ಲ. ಪದಗಳ ಪ್ರಯೋಗದ ಫಲಿತಾಂಶದ ಕೆಳಗೆ ದುಂಡು ಅಕ್ಷರದಲ್ಲಿ ಬರೆದಳು: 'ಸಬ್ಜೆಕ್ಟ್‌ಗೆ ತೀವ್ರ ಅಪರಾಧ ಭಾವನೆ ಇದೆ. ತಾನು ಯಾರೆಂಬುದನ್ನೇ ಮುಚ್ಚಿಡುತ್ತಿದ್ದಾನೆ.'

ಪ್ರಯೋಗ ಮುಗಿದ ಮೇಲೆ ತನಗೇನನ್ನಿಸಿತು ಎಂದು ಸಬ್ಜೆಕ್ಟ್ ತನ್ನ ಕೈಯಾರೆ ನಾಲ್ಕು ಸಾಲು ಬರೆಯಬೇಕು. ಅದನ್ನು ಬರೆಯಲು ಪುಸ್ತಕ ತೆರೆದ ಬಸವೇಶ್ ಮೊದಲು ಅವಳು ಬರೆದದ್ದನ್ನು ಓದಿದ. ಎರಡು ಸಲ ಓದಿದ.

"ಬಸವೇಶ್, ಅದು ಸುಮ್ನೆ ಪರೀಕ್ಷೆಗೆ ಅಂತ..."

"ಚೆನ್ನಾಗಿ ಬರ್ದಿದೀರಿ," ಎಂದ ಮೆಲ್ಲಗೆ. ಪೆನ್ನಿನ ಕ್ಯಾಪು ಹಾಕಿ ಹೊರಟುಹೋದ.

ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನದೂ ಇಲ್ಲ. ಕಾಲೇಜಿಗೇ ಬರುತ್ತಿಲ್ಲವೆಂದು ಅರ್ಪಿತ ಹೇಳಿದಳು. ಮಂಗಳಗೌರಿಗೆ ಅನ್ನ ಸೇರಲಿಲ್ಲ. ರೈಲಿನಲ್ಲಿ ಕೂತರೂ, ಕಪಿಲೆಯ ಸೇತುವೆ ದಾಟಿದರೂ ಆ ಹದಿನಾಲ್ಕು ಸೆಕೆಂಡು ಅವಳೊಳಗೆ ಎಣಿಕೆಯಾಗುತ್ತಿತ್ತು. 'ಅವನ ಗಾಯಕ್ಕೆ ನಾನು ಹೆಸರಿಟ್ಟು ಮಾರ್ಕ್ಸ್ ತಗೊಳೋಕೆ ಹೋದೆನಲ್ಲ... ಅವನು ಇನ್ನು ಬರದೇ ಹೋದರೆ?' ಆ ಯೋಚನೆಯಲ್ಲೇ ಅವಳಿಗೆ ತಿಳಿಯಿತು, ತಾನು ಅವನನ್ನು ಪ್ರೀತಿಸುತ್ತಿದ್ದೇನೆ ಎಂದು.

ರಜೆಯ ದಿನ ಬೆಳಿಗ್ಗೆ ಸುತ್ತೂರಿನ ಮೇಲೆ ಹೋಗುವ ಬಸ್ ಹತ್ತಿದಳು. ನರಸೀಪುರದಲ್ಲಿಳಿದು, ರೆಕಾರ್ಡಿನಲ್ಲಿದ್ದ ವಿಳಾಸ ಹಿಡಿದು ಹೊಳೆಯ ಕಡೆಯ ಬೀದಿಗೆ ಬಂದಳು. ಜಗಲಿಯ ಮೇಲೆ ಒಬ್ಬ ಹೆಂಗಸು ಅವರೆಕಾಯಿ ಬಿಡಿಸುತ್ತಿದ್ದಳು.

"ಅಮ್ಮ, ಬಸವೇಶ್ ಅವರ ಮನೆ ಇದೇನಾ?"

ಹೆಂಗಸಿನ ಕೈ ನಿಂತಿತು. "ಯಾರವ್ವ ನೀನು?"

"ಅವರ ಕಾಲೇಜಿನವಳು."

"ಬಸವೇಸ ಓಗಿ ಮೂರು ವರ್ಸ ಆಯ್ತಲ್ಲವ್ವ," ಎಂದಳು ಆ ಹೆಂಗಸು, ರುದ್ರಮ್ಮ, ಶಾಂತವಾಗಿ. "ಈ ನೀರೇ ತಕಂಡೋಯ್ತು. ನಿಂಗೊತ್ತಿಲ್ವಾ?"

ಹಾಗಾದರೆ ಪ್ರತಿ ಶನಿವಾರ ತನ್ನೆದುರು ಕೂತವನು...? ಕನ್ನಡಿ ಬೇಡ ಎಂದವನು...? ಮಂಗಳಗೌರಿ ಜಗಲಿಯ ಕಂಬ ಹಿಡಿದುಕೊಂಡಳು.

"ಗುರುಮಲ್ಲಾ," ರುದ್ರಮ್ಮ ಒಳಕ್ಕೆ ಕೂಗಿದಳು. "ಯಾರೋ ಉಡ್ಗಿ ಬಂದವಳೆ, ನೀರ್ ತಕಬಾ."

"ಊಂ, ಬಂದೆ ಕಣವ್ವ."

ಆ ದನಿ ಅವಳಿಗೆ ಗೊತ್ತಿತ್ತು. ಚೊಂಬು ಹಿಡಿದು ಹೊಸಿಲಿಗೆ ಬಂದವನು ಬಸವೇಶನೇ. ಅವಳನ್ನು ಕಂಡು ಬಿಳಿಚಿಕೊಂಡ.

ಹಿತ್ತಲಿನ ಹುಣಸೆಮರದ ಕೆಳಗೆ ಅವನು ಎಲ್ಲವನ್ನೂ ಹೇಳಿದ. ಅಲ್ಲಿಂದ ಹೊಳೆ ಕಾಣುತ್ತಿತ್ತು.

"ಗುರುಮಲ್ಲ ನನ್ನ ತಮ್ಮ. ವರ್ಷಕ್ಕೆ ಚಿಕ್ಕೋನು, ನೋಡೋಕೆ ನನ್ನಂಗೇ. ಅವತ್ತು ಎತ್ತು ಮೈ ತೊಳ್ಸೋ ಸರದಿ ನಂದು. ಓದ್ಕೊಬೇಕು ಅಂತ ಸುಳ್ಳೇಳಿ ಅವನ್ನ ಕಳಿಸ್ದೆ. ನೀರು ಏರಿತ್ತು... ಎತ್ತು ಈಜ್ಕೊಂಡು ಬಂತು. ಅವ್ನು ಬರ್ಲಿಲ್ಲ."

"ನಿಮ್ಮಮ್ಮ...?"

"ಹನ್ನೊಂದನೇ ದಿನ ಅವ್ವ ನನ್ನ ನೋಡಿ 'ಗುರುಮಲ್ಲಾ' ಅಂದ್ಲು. 'ಅವ್ಳು ಅಂಗೇ ಕರೀಲಿ, ನೀನು ಊಂ ಅಂದ್ಬುಡು,' ಅಂದ್ರು ಅಪ್ಪ. ಅಂದೆ. ಮೂರು ವರ್ಷದಿಂದ ಈ ಮನೇಲಿ ಸತ್ತಿರೋನು ನಾನೇ. ಕನ್ನಡಿ ನೋಡಿದ್ರೂ ಯಾರು ಕಾಣ್ತಾರೋ ಅಂತ ಭಯ." ಅವನು ತಲೆ ತಗ್ಗಿಸಿದ. "ನೀವು ಬರ್ದಿದ್ದು ಸುಳ್ಳಲ್ಲ ಗೌರಿ. ಅದಕ್ಕೇ ಓಡಿ ಬಂದೆ."

ಅವಳ ಕಣ್ಣು ತುಂಬಿ ಹರಿಯಿತು. "ನಿಜವೇ ಇರಬಹುದು. ಆದರೆ ನಾನು ಬರೆದಿದ್ದು ನಿಮಗೋಸ್ಕರ ಅಲ್ಲ, ನನ್ನ ಜಾಣತನಕ್ಕೆ. ಆ ಹಾಳೆ ಹರಿದು ಹಾಕಿದೀನಿ. ಕ್ಷಮಿಸಿ ಅಂತ ಕೇಳೋಕೆ ಬಂದೆ... ಇನ್ನೂ ಒಂದಿದೆ."

"ಏನು?"

"ನನಗೆ ನೀವು ಬೇಕು, ಬಸವೇಶ್. ಆದರೆ ನಿಮ್ಮ ತಮ್ಮನ ಹೆಸರು ಹೊತ್ತವರ ಹೆಂಡತಿಯಾಗಿ ನಾನು ಈ ಮನೆಗೆ ಬರಲಾರೆ. ನಿಮ್ಮನ್ನ ದಿನಾ ಸಾಯಿಸೋದರಲ್ಲಿ ನಾನೂ ಒಬ್ಬಳಾಗಲಾರೆ."

"ಅವ್ವಂಗೆ ಹೇಳುದ್ರೆ ಅವ್ಳು ಉಳೀತಾಳಾ?"

"ನನಗೆ ಗೊತ್ತಿಲ್ಲ," ಎಂದಳು ಮಂಗಳಗೌರಿ. ಎರಡು ವರ್ಷದ ಓದಿನಲ್ಲಿ ಅವಳು ಮೊದಲ ಬಾರಿಗೆ ಹಾಗೆ ಒಪ್ಪಿಕೊಂಡಿದ್ದಳು.

"ಗುರುಮಲ್ಲಾ..." ಜಗಲಿಯಿಂದ ಕೂಗು ಬಂತು. "ಆ ಉಡ್ಗಿಗೆ ಉಣ್ಣಕಿಕ್ಕಲಾ."

ಬಸವೇಶ್ ಊಂ ಎನ್ನಲಿಲ್ಲ. ಮತ್ತೆ ಕೂಗು ಬಂತು. ಅವನು ಎದ್ದು ಹೋಗಿ ತಾಯಿಯ ಮುಂದೆ ಮಂಡಿಯೂರಿದ.

"ಅವ್ವ, ನಾನು ಬಸವೇಶ. ಗುರುಮಲ್ಲ ಇಲ್ಲ ಕಣವ್ವ. ನನ್ನ ಬದ್ಲು ಅವ್ನೋದ."

ರುದ್ರಮ್ಮ ಅವನ ಮುಖವನ್ನೇ ನೋಡಿದಳು. ಮಂಗಳಗೌರಿ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು.

"ಗೊತ್ತು ಕಣ್ಲಾ," ಎಂದಳು ತಾಯಿ.

"ಅವ್ವಾ...?"

"ನನ್ನೊಟ್ಟೇಲಿ ಉಟ್ಟೋರು ನಂಗೊತ್ತಾಗಕಿಲ್ವಾ? ಒಂದಿನ ಬಾಯ್ತಪ್ಪಿ ಕರ್ದೆ, ನೀನು ಊಂ ಅಂದೆ. ನೀನು ಊಂ ಅಂದಾಗೆಲ್ಲ ಅವ್ನು ಎಲ್ಲೋ ಒಳಗವ್ನೆ ಅನ್ಸೋದು. ಅದಕ್ಕೇ ಕರೀತಿದ್ದೆ... ನಿನ್ನ ಕೊಂದ್ಬುಟ್ಟೆ ಕಣ ಮಗಾ."

ಮೂರು ವರ್ಷ ತಡೆದಿಟ್ಟ ಅಳು ಆ ಮಧ್ಯಾಹ್ನ ಆ ಮನೆಯಿಂದ ಹೊರಬಂತು. ಸತ್ತ ಮಗನಿಗಾಗಿ ತಾಯಿ ಅತ್ತಳು, ಬದುಕಿದ್ದವನನ್ನು ತಬ್ಬಿಕೊಂಡು. ಮಂಗಳಗೌರಿ ಅಡುಗೆಮನೆಗೆ ಹೋಗಿ ಸಾರಿನ ಒಲೆಗೆ ಉರಿ ಹಾಕಿದಳು. ಬೇರೇನು ಮಾಡಬೇಕೆಂದು ಅವಳಿಗೆ ತೋಚಲಿಲ್ಲ.

ಸಂಜೆ ಬಸ್ ಹತ್ತಿಸಲು ಬಸವೇಶ್ ಜೊತೆಗೆ ಬಂದ. ಕಣ್ಣು ಊದಿಕೊಂಡಿತ್ತು. ಆದರೆ ಅವನ ನೋಟ ಅವಳ ಹೆಗಲಾಚೆಗೆ ಹೋಗಲಿಲ್ಲ, ಅವಳಲ್ಲೇ ನಿಂತಿತು.

"ಮತ್ತೆ ಬತ್ತೀರಾ, ಗೌರಿ?"

"ಬರ್ತೀನಿ. ಅಮ್ಮನ ಅಳು ಮೊದಲು ಮುಗೀಲಿ."

"ಅದು ಮುಗಿಯೋದಲ್ಲ ಕಣ್ರೀ..."

ಅವಳು ಅವನ ಕೈ ಹಿಡಿದುಕೊಂಡಳು.

"ಹಾಗಾದರೆ ಅಳ್ತಾ ಇರುವಾಗಲೇ ಬರ್ತೀನಿ."