ಸುಣ್ಣದ ಗೆರೆಯ ಆಚೆ ನಿಂತವನು

ಬೆಳಿಗ್ಗೆ ಒಂಬತ್ತು ಇಪ್ಪತ್ತು. ಮರಳವಾಡಿಯ ಬೋರಲಿಂಗಯ್ಯನವರ ಮನೆ ಮುಂದೆ ಒಂದು ಸ್ಕೂಟರ್ ಬಂದು ನಿಂತಿತು. ಅದರ ಹಿಂದೆಯೇ ಒಂದು ಬೈಕ್. ಸ್ಕೂಟರಿನಿಂದ ಮುನ್ನೀ ಇಳಿದಳು. ಬೈಕಿನಿಂದ ಕೆಂಪರಾಜು ಇಳಿದ.

ಮುನ್ನೀ ಮನೆ ಕಡೆ ಬಂದಳು. ಕೆಂಪರಾಜು ಬರಲಿಲ್ಲ.

ಬೈಕನ್ನು ರಸ್ತೆಯ ಆಚೆ ಬದಿಗೆ ತಳ್ಳಿಕೊಂಡು ಹೋಗಿ, ಹೊಂಗೆ ಮರದ ಕೆಳಗೆ ಅದಕ್ಕೆ ಒರಗಿ ನಿಂತುಬಿಟ್ಟ.

ಬಾಗಿಲಲ್ಲಿದ್ದ ಬೋರಲಿಂಗಯ್ಯನವರ ಮಗಳು ಸೌಭಾಗ್ಯಳ ಎದೆ ಒಂದು ಕ್ಷಣ ಹಗುರಾಗಿ, ಮರುಕ್ಷಣ ಭಾರವಾಯಿತು. ಅವನು ಬರುತ್ತಾನೆಂದು ತಿಳಿದು ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡಿದ್ದಳು. ಬಂದಿದ್ದಾನೆ. ಆದರೆ ಇಷ್ಟು ದೂರದಲ್ಲಿ... ಅದೂ ಮುನ್ನೀ ಜೊತೆಯಲ್ಲಿ...

ಅದು 2016ರ ಜುಲೈ ಎಂಟು. ಆ ದಿನ ಸಂಜೆ ಐದರೊಳಗೆ ಸೌಭಾಗ್ಯ ಎರಡು ಕಾಲೇಜುಗಳಲ್ಲಿ ಒಂದನ್ನು ಆರಿಸಬೇಕಿತ್ತು.

ಒಂದು, ಪುಣೆಯ ಹೆಸರುವಾಸಿ ಕಾನೂನು ಕಾಲೇಜು. ಅಲ್ಲಿ ಓದಿದವರೆಂದರೆ ಎದುರಿನವರು ಕುರ್ಚಿ ಎಳೆದು ಕೂರಿಸುತ್ತಾರೆ. ಇನ್ನೊಂದು, ಬೆಂಗಳೂರಿನ ಅಂಚಿನಲ್ಲಿ, ಕನಕಪುರ ರಸ್ತೆಯಲ್ಲಿರುವ ಸಣ್ಣ ಕಾಲೇಜು. ಹೆಸರು ಹೇಳಿದರೆ "ಎಲ್ಲೈತೆ ಅದು?" ಅನ್ನುತ್ತಾರೆ. ಆದರೆ ಮೂರು ವರ್ಷದ ಶುಲ್ಕ, ಹಾಸ್ಟೆಲು, ಊಟ ಎಲ್ಲವನ್ನೂ ತಾನೇ ನೋಡಿಕೊಳ್ಳುವ ವಿದ್ಯಾರ್ಥಿವೇತನವನ್ನು ಆ ಕಾಲೇಜು ವರ್ಷಕ್ಕೆ ಒಬ್ಬರಿಗೆ ಕೊಡುತ್ತಿತ್ತು. ಆ ವರ್ಷ ಅದು ಸಿಕ್ಕಿದ್ದು ಸೌಭಾಗ್ಯಳಿಗೆ. ಬೇರೆ ಕಡೆ ಶುಲ್ಕ ಕಟ್ಟಿದರೆ ಅದು ರದ್ದು.

ಕೆಂಪರಾಜು ಮಾಗಡಿ ತಾಲ್ಲೂಕಿನ ಕೆಂಪಾಪುರದವನು, ಅವನ ಮನೆಯವರೂ ರೇಷ್ಮೆ ಬೆಳೆಯುವವರು. ಮುನ್ನೀ ರಾಮನಗರದವಳು, ಅವಳ ತಂದೆ ರೇಷ್ಮೆಗೂಡು ಕೊಂಡು ನೂಲು ತೆಗೆಸುವವರು. ಮೂವರೂ ರಾಮನಗರದಲ್ಲಿ ಒಟ್ಟಿಗೆ ಬಿ.ಎ. ಮುಗಿಸಿದ್ದರು. ಕೆಂಪರಾಜು, ಮುನ್ನೀ ಇಬ್ಬರಿಗೂ ಪುಣೆಯಲ್ಲಿ ಸೀಟು ಸಿಕ್ಕಿತ್ತು.

ಇಬ್ಬರಿಗೂ...

ಆ ಒಂದು ಮಾತು ಸೌಭಾಗ್ಯಳ ಗಂಟಲಿನಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡು ಆಗಲೇ ಒಂದು ವಾರವಾಗಿತ್ತು.

"ಒಳೀಕ್ ಬರಬ್ಯಾಡ ಕಣವ್ವ," ಅಜ್ಜಿ ಬೋರಮ್ಮ ಮುನ್ನೀಯನ್ನು ಜಗಲಿಯಲ್ಲೇ ತಡೆದಳು. "ಹುಳ ಹಣ್ಣಾಗವೆ. ಇಲ್ಲೇ ಕೂತ್ಕೋ. ನೀರು ತತ್ತೀನಿ."

ಹೊಸ್ತಿಲ ಮುಂದೆ ಬೋರಮ್ಮ ಬೆಳಿಗ್ಗೆಯೇ ಸುಣ್ಣದ ಪುಡಿಯಿಂದ ದಪ್ಪನಾಗಿ ಗೆರೆ ಎಳೆದಿದ್ದಳು. ಒಳಗೆ ಬೋರಲಿಂಗಯ್ಯ ಹಣ್ಣಾದ ರೇಷ್ಮೆ ಹುಳುಗಳನ್ನು ಆರಿಸಿ, ಗೂಡು ಕಟ್ಟಲಿಕ್ಕೆ ಬಿದಿರಿನ ಚಂದ್ರಿಕೆಗಳಿಗೆ ಬಿಡುತ್ತಿದ್ದರು. ಇಂಥ ದಿನ ಹೊರಗಿನವರು ಆ ಗೆರೆ ದಾಟುವುದಿಲ್ಲ.

"ಕೂತ್ಕೋತೀನಿ ಅಜ್ಜಿ," ಮುನ್ನೀ ನಕ್ಕಳು. "ನಮ್ಮನೆಗೆ ಗೂಡಾಗಿ ಬಂದ್ಮೇಲೇ ನಾವು ನೋಡೋದು. ಹುಳ ಕಂಡ್ರೆ ನಂಗೆ ಮೈಯೆಲ್ಲ ಜುಂ ಅಂತದೆ."

ಸೌಭಾಗ್ಯ ಹೊರಗೆ ಬಂದು ಜಗಲಿಯ ಕಂಬ ಹಿಡಿದು ನಿಂತಳು. ಮುನ್ನೀಯ ಹಳದಿ ದುಪಟ್ಟಾ ಹೊಸದು. ಅವಳಿಗೆ ಒಪ್ಪುತ್ತಿತ್ತು. ಯಾಕೆ ಇಷ್ಟು ಒಪ್ಪಬೇಕು ಇವಳಿಗೆ...

"ಅವನ್ಯಾಕೆ ಅಲ್ಲೇ ನಿಂತವ್ನೆ?" ಏನೂ ಆಗಿಲ್ಲವೆನ್ನುವಂತೆ ಕೇಳಿದಳು.

"ಬಾ ಅಂದೆ. ಬರಲ್ಲ ಅಂದ. ಯಾಕೆ ಅಂದ್ರೆ ಬಾಯಿ ಬಿಡಲ್ಲ. ಮೂತಿ ನೋಡು, ಕರಿಕೋಟು ಹಾಕೋಕ್ ಮುಂಚೆನೇ ಕೇಸು ಸೋತಂಗೆ."

"ಏನಂತೆ ಸಮಾಚಾರ?"

"ನಿಂಗೊಂದು ಮಾತು ಹೇಳು ಅಂತ ಕಳಿಸವ್ನೆ." ಮುನ್ನೀ ನೀರು ಕುಡಿದು ಲೋಟ ಇಟ್ಟಳು. "ಬೆಂಗಳೂರೇ ತಗೋಬೇಕಂತೆ. ಪುಣೆ ಕಡೆ ತಿರುಗೂ ನೋಡಬಾರದಂತೆ."

ಸೌಭಾಗ್ಯಳಿಗೆ ಕಿವಿ ಬಿಸಿಯಾಯಿತು.

'ತಿರುಗಿಯೂ ನೋಡಬಾರದು... ಅಂದರೆ ನಾನು ಅಲ್ಲಿ ಬೇಡ. ಅದನ್ನು ಹೇಳಲಿಕ್ಕೂ ಇವಳ ಬಾಯೇ ಬೇಕು.'

"ಅವನಿಗೆ ಕಾಲು ಇಲ್ವಾ, ಬಂದು ಹೇಳೋಕೆ?"

"ಅದನ್ನೇ ನಾನೂ ಕೇಳ್ದೆ ಕಣೆ. ನಾವು ಹಾರೋಹಳ್ಳಿಗೆ ಹೋಗಿ ದುಡ್ಡು ಕಟ್ಟಿ ಬರ್ತೀವಿ. ಸರ್ವರ್ ಬೆಳಿಗ್ಗೆಯಿಂದ ಡೌನಂತೆ. ನೀನೂ ಯೋಚನೆ ಮಾಡಿ ಬಾ."

ಮುನ್ನೀ ರಸ್ತೆ ದಾಟಿದಳು. ಕೆಂಪರಾಜು ಏನೋ ಕೇಳಿದ. ಮುನ್ನೀ ಏನೋ ಹೇಳಿ, ನಕ್ಕು, ಅವನ ತೋಳಿಗೊಂದು ಏಟು ಕೊಟ್ಟಳು. ಅವನು ಒಮ್ಮೆ ಮನೆ ಕಡೆ ನೋಡಿ ಕೈ ಎತ್ತಿದ.

ಸೌಭಾಗ್ಯ ಕೈ ಎತ್ತಲಿಲ್ಲ.

ಬಿ.ಎ. ಮೊದಲ ವರ್ಷದ ಚರ್ಚಾ ಸ್ಪರ್ಧೆಯಲ್ಲಿ ಇದೇ ಕೆಂಪರಾಜು ಎದ್ದು ನಿಂತು, "ಎದುರಾಳಿ ಹೇಳಿದ ಇಸವಿ ತಪ್ಪು," ಎಂದಿದ್ದ. ಆಮೇಲೆ ಬಸ್‌ಸ್ಟ್ಯಾಂಡಿನವರೆಗೂ ಹಿಂದೆ ಬಂದು, "ಇಸವಿ ಮಾತ್ರ ತಪ್ಪು. ಮಿಕ್ಕಿದ್ದೆಲ್ಲಾ ನನಗಿಂತ ಚೆನ್ನಾಗಿ ಹೇಳ್ದೆ," ಎಂದಿದ್ದ. ಅವತ್ತಿನಿಂದ ಮೂರು ವರ್ಷ ಇಬ್ಬರೂ ಜಗಳವಾಡದ ದಿನವಿರಲಿಲ್ಲ. ಒಳಗಿನ ಮಾತನ್ನು ಇಬ್ಬರೂ ಆಡಿರಲಿಲ್ಲ.

ಈಗ ಆಡುವುದಕ್ಕೆ ಉಳಿದಿದ್ದಾದರೂ ಏನು?

ಬೈಕು, ಸ್ಕೂಟರು ಒಂದರ ಹಿಂದೊಂದು ಹೊರಟವು. ಅವಳು ಒಳಗೆ ಹೋಗಿ, ಹುಳದ ಕೋಣೆಯ ಬಾಗಿಲಲ್ಲಿ ನಿಂತಳು.

"ಅಪ್ಪಾ, ನಾನು ಪುಣೆಗೇ ಹೋಗ್ತೀನಿ."

ಬೋರಲಿಂಗಯ್ಯ ತಲೆ ಎತ್ತಲಿಲ್ಲ. ಬೆರಳ ತುದಿಯಲ್ಲಿದ್ದ ಹುಳುವನ್ನು ಮೆತ್ತಗೆ ಚಂದ್ರಿಕೆಗೆ ಬಿಟ್ಟು, ಆಮೇಲೆ ಕೇಳಿದರು. "ನೆನ್ನೆ ಬೆಂಗಳೂರು ಅಂದ್ಯಲ್ಲವ್ವ?"

"ಪುಣೆಗೆ ಹೆಸರೈತೆ ಅಪ್ಪಾ."

"ಹೆಸರೈತೆ, ಸರಿ. ನಿಂಗೆ ಮನಸೈತಾ?"

ಬಾಗಿಲ ಬಳಿ ನೆಲಕ್ಕೆ ಬಿದ್ದಿದ್ದ ಹುಳುವೊಂದನ್ನು ಅವಳು ಎತ್ತಿ ಅಪ್ಪನ ಕೈಗೆ ಕೊಟ್ಟಳು.

"ಮೊದಲ್ನೇ ಕಂತಿಗೆ ಕಾರ್ಡಲ್ಲಿ ಐತೆ. ಮುಂದಕ್ಕೆ ತ್ವಾಟದ ಮ್ಯಾಲೆ ಸಾಲ ತಗತೀನಿ. ಬ್ಯಾಂಕಿನೋರು ಹೂಂ ಅಂದವ್ರೆ," ಎಂದರು ಬೋರಲಿಂಗಯ್ಯ. "ನನ್ನ ಲೆಕ್ಕ ಬ್ಯಾಡ. ನಿನ್ನ ಲೆಕ್ಕ ನೋಡ್ಕೋ."

ಬಾಗಿಲ ಬಳಿ ಬೋರಮ್ಮ ಕೂತಿದ್ದಳು. ಅಣ್ಣತಮ್ಮಂದಿರು ಹೆಬ್ಬೆಟ್ಟು ಒತ್ತಿಸಿಕೊಂಡು ಆಸ್ತಿಯ ಪಾಲು ತಪ್ಪಿಸಿದ ಮೇಲೆ, ಕನಕಪುರದ ಕೋರ್ಟಿನ ಮೆಟ್ಟಿಲ ಮೇಲೆ ಹನ್ನೊಂದು ವರ್ಷ ಹೀಗೇ ಕೂತಿದ್ದಳು. ವಿದ್ಯಾರ್ಥಿವೇತನದ ಸಂದರ್ಶನದಲ್ಲಿ 'ವಕೀಲೆ ಯಾಕೆ ಆಗಬೇಕು?' ಎಂದು ಕೇಳಿದಾಗ ಸೌಭಾಗ್ಯ ಹೇಳಿದ್ದು ಅದೊಂದನ್ನೇ. ಆ ಸಣ್ಣ ಕಾಲೇಜಿನ ವಿದ್ಯಾರ್ಥಿಗಳು ಎರಡನೇ ವರ್ಷದಿಂದಲೇ ಕನಕಪುರದ ಉಚಿತ ಕಾನೂನು ನೆರವು ಕೇಂದ್ರದಲ್ಲಿ ಕೆಲಸ ಮಾಡುತ್ತಾರೆ. ಅವಳಿಗೆ ಬೇಕಾಗಿದ್ದೂ ಅದೇ.

ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮಧ್ಯಾಹ್ನ ಮೂರರ ಹೊತ್ತಿಗೆ ಬಟ್ಟೆ ಬದಲಿಸಿ ಹಾರೋಹಳ್ಳಿ ಬಸ್ಸು ಹತ್ತಿದಳು. ಕಿಟಕಿಯಾಚೆ ಹಿಪ್ಪುನೇರಳೆ ತೋಟಗಳು ಓಡಿದರೂ ಅವಳ ಕಣ್ಣಿಗೆ ಕಾಣುತ್ತಿದ್ದುದು ಪುಣೆ. ಒಂದೇ ಗ್ರಂಥಾಲಯ, ಒಂದೇ ಕ್ಯಾಂಟೀನು, ಒಂದೇ ಬೆಂಚಿನ ಮೇಲೆ ಹಳದಿ ದುಪಟ್ಟಾ...

'ಹೋಗಲಿ ತೋಟ. ಹೋಗಲಿ ಸ್ಕಾಲರ್‌ಶಿಪ್. ಅವರಿಬ್ಬರನ್ನೇ ಬಿಡಲ್ಲ ನಾನು.'

ಹಾರೋಹಳ್ಳಿ ಬಸ್‌ಸ್ಟ್ಯಾಂಡಿನ ಪಕ್ಕ ಮುನಾವರನ ಸೈಬರ್ ಸೆಂಟರು. ಸೌಭಾಗ್ಯ ಒಳಗೆ ಕಾಲಿಟ್ಟಾಗ ಮೂರೂ ಮುಕ್ಕಾಲು. ಮುನ್ನೀ ಬಾಗಿಲ ಹತ್ತಿರದ ಕಂಪ್ಯೂಟರಿನಲ್ಲಿದ್ದಳು. ಕೆಂಪರಾಜು ಕೊನೆಯದರಲ್ಲಿ.

"ಬಾ ಅಕ್ಕ, ನಿಂದೂ ಪುಣೆನಾ?" ಎಂದ ಮುನಾವರ್. "ಇವ್ರಿಬ್ರದೂ ಈಗಷ್ಟೇ ಆಯ್ತು. ಸರ್ವರ್ ಎದ್ದೈತೆ, ಮತ್ತೆ ಮಲಗೋದ್ರೊಳಗೆ ಕಟ್‌ಬಿಡು."

ಅವಳು ಕೂತು ಪುಣೆಯ ಪುಟ ತೆರೆದಳು. ಕಾರ್ಡಿನ ನಂಬರು ಒತ್ತತೊಡಗಿದಳು.

"ಏನ್ ಮಾಡ್ತಿದೀಯ ಬಾಗ್ಯ?" ಕೆಂಪರಾಜು ಎದ್ದು ನಿಂತಿದ್ದ.

"ಕಾಣಲ್ವಾ? ಪುಣೆಗೆ ದುಡ್ಡು ಕಟ್ತಿದೀನಿ. ಯಾಕೆ, ಇಬ್ಬರೇ ಹೋಗಣ ಅಂತ ಮಾತಾಡ್ಕೊಂಡಿದ್ರಾ?"

ಮುನ್ನೀ ಕುರ್ಚಿ ಸಮೇತ ತಿರುಗಿದಳು. "ಯಾ ಅಲ್ಲಾ... ಇವನ ಜೊತೆ ನಾನಾ? ಪುಣೆಗೆ ಇವನೂ ಬರ್ತಾನೆ ಅಂದಿದ್ದಕ್ಕೆ ನಮ್ಮಮ್ಮಿನೇ ನನ್ನ ನೋಡಿ ಅಯ್ಯೋ ಪಾಪ ಅಂದಳು."

ಮುನಾವರ್ ನಕ್ಕ. ಸೌಭಾಗ್ಯ ನಗಲಿಲ್ಲ. ಎದ್ದು ಕೆಂಪರಾಜು ಕಡೆ ನಡೆದಳು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಅವಳು ಮುಂದೆ ಬಂದಳು. ಅವನು ಮತ್ತೆ ಸರಿದ.

"ಅಣ್ಣ, ಜೆರಾಕ್ಸ್ ಮಿಷನ್ ಮೇಲೆ ಕೂರಬ್ಯಾಡ," ಎಂದ ಮುನಾವರ್.

"ನೋಡಿದ್ಯಾ?" ಸೌಭಾಗ್ಯಳ ದನಿ ಒಡೆಯಿತು. "ಬೆಳಿಗ್ಗೆ ಜಗಲಿಗೂ ಬರಲಿಲ್ಲ. ಈಗ ಹತ್ರ ಬಂದ್ರೆ ಹಿಂದಕ್ಕೆ ಹೋಗ್ತೀಯ. ಪುಣೆಯವ್ರಿಗೆ ಮರಳವಾಡಿ ಗಾಳಿ ಆಗಿಬರಲ್ವಾ?"

"ಹತ್ರ ಬರಬೇಡ ಬಾಗ್ಯ. ನೀನು ವಾಪಸ್ ಮನೆಗೆ ಹೋಗ್ಬೇಕು."

"ಹೋದ್ರೆ?"

"ನಿಮ್ಮನೇಲಿ ಹುಳ ಹಣ್ಣಾಗವೆ."

"ಆಗವೆ. ಅದಕ್ಕೇನೀಗ?"

"ನಮ್ಮನೇಲಿ ಸುಣ್ಣಕಟ್ಟು."

ಸೌಭಾಗ್ಯ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತಳು.

ಸುಣ್ಣಕಟ್ಟು ರೋಗ ಬಂದರೆ ರೇಷ್ಮೆ ಹುಳು ಸತ್ತು, ಸುಣ್ಣದ ಕಡ್ಡಿಯಂತೆ ಬೆಳ್ಳಗೆ ಗಟ್ಟಿಯಾಗುತ್ತದೆ. ರೋಗ ಬಟ್ಟೆಯಲ್ಲಿ, ಕಾಲಿನಲ್ಲಿ, ಗಾಳಿಯಲ್ಲಿ ಹರಡುತ್ತದೆ. ಅಂಥ ಮನೆಯವರು ಇನ್ನೊಬ್ಬರ ಹುಳದ ಮನೆ ಹತ್ತಿರ ಸುಳಿಯುವುದಿಲ್ಲ. ಆ ಬಾಗಿಲಿಗೆ ರೋಗದ ಹೆಸರನ್ನೂ ಹೇಳಿ ಕಳಿಸುವುದಿಲ್ಲ.

"ಸೋಮವಾರ ಇಡೀ ಬೆಳೆ ಎತ್ತಿ ಗುಂಡೀಲಿ ಹಾಕಿ ಸುಟ್ವಿ," ಎಂದ ಕೆಂಪರಾಜು. "ಇಷ್ಟು ದಿನ ನಾನು ಬರದೇ ಇದ್ದಿದ್ದೂ ಅದಕ್ಕೇ."

"ಓ... ಅದಕ್ಕೇನಾ ನನ್ನ ಸ್ಕೂಟರ್ ಹತ್ತಲ್ಲ ಅಂದಿದ್ದು?" ಮುನ್ನೀ ಬಾಯಿಗೆ ಕೈ ಇಟ್ಟಳು. "ನಾನು ಗಾಡಿ ಓಡ್ಸೋದು ಕಂಡು ಹೆದರಿದ್ಯ ಅನ್ಕೊಂಡೆ."

"ಅದೂ ಒಂದು ಕಾರಣ."

ಸೌಭಾಗ್ಯ ಸೆರಗಿನಂತೆ ಮುಖಕ್ಕೆ ದುಪಟ್ಟಾ ಒತ್ತಿಕೊಂಡಳು. ಹುಳದ ಮನೆಯಲ್ಲಿ ಹುಟ್ಟಿ ಬೆಳೆದವಳು. ಬೈಕಿಗೆ ಒರಗಿ ರಸ್ತೆಯ ಆಚೆ ನಿಂತವನನ್ನು ಕಂಡಾಗಲೇ ತಿಳಿಯಬೇಕಿತ್ತು. ಕೇರಿಯ ಯಾವ ಮುದುಕಿಯಾದರೂ ತಿಳಿಯುತ್ತಿದ್ದಳು. ತಾನು ನೋಡುತ್ತಾ ನಿಂತಿದ್ದು ಮುನ್ನೀಯ ಬಟ್ಟೆಯನ್ನು.

"ಮತ್ತೆ ಪುಣೆ ಕಡೆ ತಿರುಗಿ ನೋಡಬೇಡ ಅಂದಿದ್ದು?" ದುಪಟ್ಟಾದ ಹಿಂದಿನಿಂದಲೇ ಕೇಳಿದಳು.

ಕೆಂಪರಾಜು ಜೆರಾಕ್ಸ್ ಮಿಷನ್ನಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ.

"ಆ ಸ್ಕಾಲರ್‌ಶಿಪ್‌ಗೆ ನಾನೂ ಹಾಕಿದ್ದೆ," ಎಂದ. "ನಿಂಗೆ ಹೇಳಿರಲಿಲ್ಲ. ನಿನ್ನ ಹೆಸರು ಬಂದ ದಿನ ನಂಗೆ ಊಟ ಸೇರಲಿಲ್ಲ ಬಾಗ್ಯ. ಅಷ್ಟು ಹೊಟ್ಟೆ ಉರೀತು. ಎಲ್ರೂ ಪುಣೆ ಪುಣೆ ಅಂತ ನನ್ನ ಬೆನ್ನು ತಟ್ತಾರೆ. ನಂಗೆ ಬೇಕಾಗಿದ್ದು ನಿನ್ನ ಕೈಲಿತ್ತು. ಅದನ್ನ ನೀನು ಹಿಂಗೆ ಬಿಸಾಕ್ತೀಯ ಅಂದ್ರೆ..."

ಸೌಭಾಗ್ಯ ದುಪಟ್ಟಾ ಇಳಿಸಿದಳು. ಬಸ್‌ಸ್ಟ್ಯಾಂಡಿನ ಆ ದಿನವಾದ ಮೇಲೆ ಅವನು ಸೋತ ಮಾತು ಒಂದನ್ನೂ ಆಡಿದ್ದು ಅವಳು ಕೇಳಿರಲಿಲ್ಲ.

'ನನ್ನ ಮೇಲೆ ಇವನಿಗೆ ಹೊಟ್ಟೆಕಿಚ್ಚು... ಮುನ್ನೀ ಮೇಲೆ ನನಗೆ... ಇಬ್ಬರೂ ಒಬ್ಬರಿಗೊಬ್ಬರು ಸರಿಹೋದ್ವಿ.'

ಅವಳು ತನ್ನ ಕಂಪ್ಯೂಟರಿಗೆ ಹಿಂದಿರುಗಿದಳು. ಅರ್ಧ ತುಂಬಿದ್ದ ಕಾರ್ಡಿನ ನಂಬರು ಇನ್ನೂ ಅಲ್ಲೇ ಇತ್ತು. ಆ ಪುಟವನ್ನು ಮುಚ್ಚಿದಳು. ಇನ್ನೊಂದನ್ನು ತೆರೆದು, ವಿದ್ಯಾರ್ಥಿವೇತನ ಸ್ವೀಕರಿಸಿದ್ದೇನೆ ಎಂದು ಕಳಿಸಿದಳು.

"ನೀನು ಹೇಳ್ದೆ ಅಂತ ಅಲ್ಲ," ಎಂದಳು, ತಿರುಗಿ ನೋಡದೆ.

"ಗೊತ್ತು."

"ನಮ್ಮಜ್ಜಿ ಕೂತಿದ್ದ ಮೆಟ್ಟಿಲು ಹತ್ತಿ ಒಳಗೆ ಹೋಗ್ಬೇಕು ನಾನು. ಅದಕ್ಕೆ."

"ಅದೂ ಗೊತ್ತು."

ಅಪ್ಪನಿಗೆ ಫೋನ್ ಮಾಡಿದಳು. "ಅಪ್ಪಾ, ಬೆಂಗಳೂರೇ. ಬ್ಯಾಂಕಿಗೆ ಹೋಗಬ್ಯಾಡ."

"ಹಂಗಾರೆ ಬಿರ್‌ಬಿರ್ನೆ ಬಾ," ಎಂದರು ಬೋರಲಿಂಗಯ್ಯ. "ಹುಳ ಬುಡಾಕೆ ಕೈ ಸಾಲ್ತಿಲ್ಲ."

ಮುನ್ನೀಗೆ ಏನು ಹೇಳಬೇಕೋ ತಿಳಿಯದೆ ಸೌಭಾಗ್ಯ ಅವಳ ಮುಂದೆ ನಿಂತಳು. ಮುನ್ನೀಯೇ ಅವಳ ಕೆನ್ನೆ ಹಿಂಡಿದಳು. "ಹೋಗೆ, ಹುಚ್ಚಿ. ಕೇಳಿದ್ರೆ ಬರೆದೇ ಕೊಡ್ತಿದ್ದೆ, ಇವನು ನಂಗೆ ಬೇಡ ಅಂತ."

ಬಸ್‌ಸ್ಟ್ಯಾಂಡಿನವರೆಗೆ ಕೆಂಪರಾಜು ಜೊತೆಗೆ ಬಂದ. ಆದರೆ ರಸ್ತೆಯ ಇನ್ನೊಂದು ಅಂಚಿನಲ್ಲಿ ನಡೆದು ಬಂದ. ನಡುವೆ ಆಟೋಗಳು ಹೋಗುತ್ತಿದ್ದವು. ಸೌಭಾಗ್ಯಳೇ ರಸ್ತೆ ದಾಟಿ ಅವನ ಪಕ್ಕ ಹೋಗಿ ನಿಂತಳು.

"ಬೆಳಿಗ್ಗೆ ಅದಕ್ಕೇ ಬಂದಿದ್ಯಾ? ಸ್ಕಾಲರ್‌ಶಿಪ್ ವಿಷಯ ಹೇಳೋಕೆ?"

"ಅಲ್ಲ. ಅದನ್ನ ಮುನ್ನೀ ಕೈಲಿ ಹೇಳಿಸ್ಬೋದಿತ್ತು, ಹೇಳಿಸ್ದೆ."

"ಮತ್ತೆ?"

"ನೀನಂದ್ರೆ ನಂಗೆ ಇಷ್ಟ ಅಂತ ಹೇಳೋಕೆ ಬಂದಿದ್ದೆ." ಅವನ ಕಿವಿಗಳು ಕೆಂಪಾಗಿದ್ದವು. "ರಸ್ತೆ ಆಚೆ ನಿಂತು ಕೂಗಿ ಹೇಳೋ ಮಾತಾ ಅದು?"

ಸೌಭಾಗ್ಯಳಿಗೆ ಅಳು ಬಂತು, ನಗುವೂ ಬಂತು. ಕೈ ಚಾಚಿದಳು. ಅವನು ಹಿಂಜರಿದ.

"ಹುಳ?"

"ಹಿತ್ತಲಲ್ಲೇ ಮಿಂದು, ಬಟ್ಟೆ ಬಿಸಿನೀರಿಗೆ ಹಾಕಿ ಒಳಗೆ ಹೋಗ್ತೀನಿ. ಕೊಡು ಕೈ."

ಕೊಟ್ಟ. ಮರಳವಾಡಿ ಬಸ್ಸು ಬಂದು ನಿಂತರೂ ಇಬ್ಬರೂ ಬಿಡಲಿಲ್ಲ.

"ನೀನು ಹೋದ್ಮೇಲೂ ನಂಗೆ ಹೊಟ್ಟೆಕಿಚ್ಚು ಇರ್ತದೆ ಕಣೋ," ಎಂದಳು. "ಅವಳು ದಿನಾ ನಿನ್ನ ನೋಡ್ತಾಳೆ. ನಾನು ನೋಡಲ್ಲ."

"ಒಸಿ ಇರ್ಲಿ. ಪೂರ್ತಿ ಹೋಗ್ಬುಟ್ರೆ ನಂಗೇ ಭಯ."

ಆಗಸ್ಟ್ ಒಂದರಂದು ಸೌಭಾಗ್ಯ ಬೆಂಗಳೂರಿನ ಕಾಲೇಜಿಗೆ ಸೇರಿದಳು. ಅದೇ ಸಂಜೆ ಕೆಂಪರಾಜು ಮತ್ತು ಮುನ್ನೀ ಪುಣೆಯ ರೈಲು ಹತ್ತಿದರು. ಇಬ್ಬರಿಗೂ ಬೇರೆ ಬೇರೆ ಬೋಗಿಯಲ್ಲಿ ಸೀಟು ಸಿಕ್ಕಿತ್ತು.