ಬಿಳಿ ಹುಳ ತಿನ್ನುವ ಬಿಳಿ ಹುಳ

“ನಿಮ್ಮ ಗಿಡಕ್ಕೆ ಹಿಟ್ಟು ತಿಗಣೆ ಹತ್ತಿದೆ ಕಣ್ರೀ,” ಅಂದ ಬೀರೇಶ್, ಕಿವಿಯಿಂದ ಫೋನ್ ಇಳಿಸದೆಯೇ.

ವಾಣಿಶ್ರೀಗೆ ಮೈ ಉರಿಯಿತು. ದೇವನಹಳ್ಳಿ ಬಸ್‌ಸ್ಟ್ಯಾಂಡ್ ಎದುರಿನ ಆ ಎಸ್‌ಟಿಡಿ ಬೂತ್ ಅವಳದು. ಕೌಂಟರಿನ ಮೇಲಿದ್ದ ದಪ್ಪ ಎಲೆಯ ಗಿಡವನ್ನು ಲಾಲ್‌ಬಾಗಿನ ಫ್ಲವರ್ ಶೋನಲ್ಲಿ ಕೊಂಡು, ತುಂಬಿದ ಬಸ್ಸಿನಲ್ಲಿ ಎದೆಗವಚಿಕೊಂಡು ತಂದಿದ್ದಳು.

“ಅದು ಹುಳ ಅಲ್ಲ. ಹೂ ಬಿಡೋ ಮುಂಚೆ ಹಾಗೇ ಹತ್ತಿ ಥರ ಬರುತ್ತೆ.”

“ಹಂಗಾ?” ಅವನು ಬಗ್ಗಿ ನೋಡಿದ. “ಮತ್ತೆ ಹೂವಿಗೆ ಕಾಲು ಯಾಕಿದೆ?”

ಅವಳೂ ಬಗ್ಗಿದಳು. ಎಲೆಯ ಸಂದಿಯಲ್ಲಿ ಹತ್ತಿಯ ಚೂರೊಂದು ಮೆಲ್ಲಗೆ ತೆವಳುತ್ತಿತ್ತು. ತಲೆಯೆತ್ತಿದರೆ ಅವನ ಮುಖ ತೀರಾ ಹತ್ತಿರ. ಇಬ್ಬರೂ ಗಾಬರಿಯಿಂದ ಹಿಂದೆ ಸರಿದರು.

ಬೀರೇಶನದು ಆವತಿಯಲ್ಲಿ ದ್ರಾಕ್ಷಿ ತೋಟ. ವ್ಯಾಪಾರಿಗೆ ಫೋನ್ ಮಾಡಲು ಬರುತ್ತಿದ್ದವನು ಮಾರನೆಯ ದಿನ ಒಂದು ಬೆಂಕಿಪೊಟ್ಟಣ ಹಿಡಿದು ಬಂದ. ಅವಳು ಊಟಕ್ಕೆ ಹೋಗಿದ್ದಳು. ಬೂತಿನಲ್ಲಿದ್ದ ಅವಳಪ್ಪ ಮುನಿವೆಂಕಟಪ್ಪನವರಿಗೆ “ಗಿಡಕ್ಕೆ ಮದ್ದು” ಅಂತಷ್ಟೇ ಹೇಳಿ, ಪೊಟ್ಟಣವನ್ನು ಗಿಡದ ಮೇಲೆ ಕೊಡವಿ ಹೋದ.

ವಾಣಿಶ್ರೀ ಬಂದು ನೋಡಿದರೆ ಇನ್ನೂ ದಪ್ಪನೆಯ, ಇನ್ನೂ ಚುರುಕಾದ ಬಿಳಿ ಹುಳಗಳು! ಹಳೇ ಬ್ರಶ್ಶನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಸಿಕ್ಕಿದ್ದನ್ನೆಲ್ಲ ಒರೆಸಿ ಹಾಕಿದಳು.

“ನಾನೇನು ಮಾಡಿದ್ದೆ ನಿಮಗೆ? ಹುಳ ತಂದು ಸುರಿದಿದ್ದೀರಲ್ಲ!” ಅವನು ಮತ್ತೆ ಬಂದಾಗ ಸಿಡುಕಿದಳು.

“ಅಯ್ಯೋ, ಸಾಯ್ಸಿಬಿಟ್ರಾ? ಅವು ತಿಗಣೆ ತಿನ್ನೋ ಹುಳ ರೀ! ನೋಡೋಕೆ ತಿಗಣೆ ಥರಾನೇ ಇರ್ತವೆ. ತೋಟಕ್ಕೆ ಅಂತ ಬೆಂಗಳೂರಿಂದ ತರಿಸಿದ್ದೆ. ಗೊತ್ತಾಗ್ದೆ ನಾನೂ ಒಂದಷ್ಟು ಹೊಸಕಿ ಹಾಕಿದ್ದೀನಿ.”

ಅವಳಿಗೆ ನಗು ತಡೆಯಲಾಗಲಿಲ್ಲ. ಇಬ್ಬರೂ ಎಲೆಯೆಲೆಯನ್ನೂ ತಿರುವಿ ಹುಡುಕಿದರು. ಬುಡದಲ್ಲಿ ಒಂದು ಬದುಕಿತ್ತು. ಅಪ್ಪನ ಓದುವ ಕನ್ನಡಕವನ್ನು ಅದರ ಮೇಲೆ ಹಿಡಿದಳು.

“ತಿಂತಿದೆ! ನೋಡ್ರೀ, ನಿಜವಾಗ್ಲೂ ತಿಂತಿದೆ!”

ಅವನು ನೋಡುತ್ತಿದ್ದದ್ದು ಹುಳವನ್ನಲ್ಲ. ಅದು ಗೊತ್ತಾಗಿ ಅವಳು ಕನ್ನಡಕವನ್ನು ಅವನ ಕೈಗೇ ಕೊಟ್ಟಳು.

ಆಮೇಲೆ ಅವನಿಗೆ ಫೋನ್ ಮಾಡುವ ನೆಪವೂ ಬೇಕಾಗಲಿಲ್ಲ. “ಇವತ್ತು ಏನು ಮಾಡ್ತಪ್ಪಾ ನಮ್ಮ ಹುಳ?” ಅನ್ನುತ್ತಲೇ ಒಳಗೆ ಬರುತ್ತಿದ್ದ. ಅವಳು ವರದಿ ಒಪ್ಪಿಸುತ್ತಿದ್ದಳು. ಕೊನೆಗೊಂದು ದಿನ ಆ ಹುಳವೇ ಬಿಳಿ ತುಪ್ಪಳ ಕಳಚಿ, ಕೆಂಪು ತಲೆಯ ಪುಟ್ಟ ಕರಿ ಜೀರುಂಡೆಯಾಗಿ ಎಲೆಯ ಮೇಲೆ ಕೂತಿತ್ತು. ಆದರೆ ಅವತ್ತು ವಾಣಿಶ್ರೀ ಅದನ್ನು ತೋರಿಸಲಿಲ್ಲ.

“ಭಾನುವಾರ ತ್ಯಾಮಗೊಂಡ್ಲಿಂದ ನನ್ನ ನೋಡೋಕೆ ಬರ್ತಿದ್ದಾರೆ.”

ಬೀರೇಶ್ ಗಿಡದತ್ತ ಚಾಚಿದ್ದ ಕೈ ಹಿಂದೆಳೆದುಕೊಂಡ. ಆಮೇಲೆ ಕೇಳಿದ, “ನೀವೇನಂತೀರಿ?”

“ನನ್ನ ಯಾರೂ ಕೇಳಿಲ್ಲ.”

“ನಾನು ಕೇಳ್ತಿದ್ದೀನಲ್ಲ.”

ಅವಳು ಅವನ ಕಣ್ಣು ನೋಡಿದಳು. “ನಂಗೆ ಬೇಡ. ನೀವು ನಾಳೆ ಬರದಿದ್ರೆ ಅಂತ ನೆನೆಸ್ಕೊಂಡ್ರೇ ಸಂಕಟ ಆಗುತ್ತೆ.”

“ನಂಗೂ ಅಷ್ಟೇ. ಆದ್ರೆ ನಾವು ನಿಮ್ಮ ಜನ ಅಲ್ಲ ವಾಣಿ. ನಿಮ್ಮಪ್ಪ ಒಪ್ತಾರಾ?”

“ಗೊತ್ತಿಲ್ಲ. ಕೇಳೋ ಧೈರ್ಯ ಇದೆಯಾ?”

ಹೊರಗೆ ಅವಳಪ್ಪನ ಲೂನಾ ನಿಂತ ಸದ್ದಾಯಿತು. ಬೀರೇಶ್ ಬಾಗಿಲ ಕಡೆ ನೋಡಿದ. ಹೋಗಿಬಿಡಬಹುದಿತ್ತು. ಹೋಗಲಿಲ್ಲ.

ಒಳಬಂದ ಮುನಿವೆಂಕಟಪ್ಪ ಹುಬ್ಬೇರಿಸಿದರು. “ಏನಪ್ಪಾ, ಲೈನ್ ಸಿಗ್ತಿಲ್ವಾ?”

“ಫೋನಿಗೆ ಬಂದಿಲ್ಲ ಯಜಮಾನ್ರೆ. ವಾಣಿನ ಮದುವೆ ಆಗ್ಬೇಕು ಅಂತಿದ್ದೀನಿ. ನಿಮ್ಮನ್ನ ಕೇಳೋಣ ಅಂತ ನಿಂತೆ.”

ಅವರು ಮಗಳತ್ತ ತಿರುಗಿದರು. ಅವಳು ತಲೆ ತಗ್ಗಿಸಲಿಲ್ಲ. ಬಂದು ಬೀರೇಶನ ಪಕ್ಕದಲ್ಲಿ ನಿಂತಳು.

ಮುನಿವೆಂಕಟಪ್ಪ ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದರು. ಕೊನೆಗೆ ಸ್ಟೂಲ್ ಎಳೆದು ಅವನ ಮುಂದಿಟ್ಟರು.

“ಕೂತ್ಕೊ. ನಿಮ್ಮಪ್ಪನ ಹೆಸರೇನು ಹೇಳು.”