ಬಾಳೆಹಣ್ಣಿನ ಪಕ್ಕದ ಸೀಟು

"ಬಾಳೆಹಣ್ಣಿನ ಪಕ್ಕ ಯಾರನ್ನೂ ಕೂರಿಸಬೇಡ ಅಂತ ನಿಂಗೆ ಎಷ್ಟು ಸಲ ಹೇಳ್ಬೇಕೇ?"

ಅಮ್ಮ ಸಪೋಟದ ಬುಟ್ಟಿಯನ್ನು ಎತ್ತಿ ಅಂಗಡಿಯ ಆ ಮೂಲೆಗೆ ಇಟ್ಟಳು. ಉಳಿದ ಹಣ್ಣುಗಳೆಲ್ಲ ಹಲಗೆಯ ಮೇಲೆ ಒತ್ತಿಕೊಂಡು ಕೂತಿದ್ದವು. ಬಾಳೆಗೊನೆ ಮಾತ್ರ ಬಾಗಿಲ ಹತ್ತಿರ ಒಂದು ಹಗ್ಗಕ್ಕೆ ಒಂಟಿಯಾಗಿ ನೇತಾಡುತ್ತಿತ್ತು.

"ಪಾಪ, ಅದೇನಮ್ಮ ತಪ್ಪು ಮಾಡಿದೆ?" ಎಂದಳು ಬುಗುರಿ.

"ಅದು ಮಾತಿನಮಲ್ಲಿ ಕಣೇ. ತಾನೂ ಸುಮ್ನಿರಲ್ಲ, ಪಕ್ಕದವರನ್ನೂ ಸುಮ್ನೆ ಮಲಗೋಕೆ ಬಿಡಲ್ಲ."

ಬುಗುರಿಯ ಮುಖ ಊದಿಕೊಂಡಿತು. ಇದು ಬಾಳೆಹಣ್ಣಿಗೆ ಹೇಳಿದ್ದಲ್ಲ, ತನಗೇ ಹೇಳಿದ್ದು ಅಂತ ಅವಳಿಗೆ ಗ್ಯಾರಂಟಿಯಾಯಿತು. ಮಿಸ್ ಬಂದು ಅಮ್ಮನ ಹತ್ತಿರ ಚಾಡಿ ಹೇಳಿರಬೇಕು.

ಬುಗುರಿ ಎಂಬುದು ತಾತ ಇಟ್ಟ ಅಡ್ಡಹೆಸರು. ಒಂದು ಕಡೆ ನಿಲ್ಲುವವಳೇ ಅಲ್ಲ. ಅಪ್ಪಿತಪ್ಪಿ ಕಾಲು ನಿಂತರೂ ಬಾಯಿ ನಿಲ್ಲುವುದಿಲ್ಲ. ಕ್ಲಾಸಿನಲ್ಲಿ ಮಿಸ್ ಅವಳನ್ನು ಕಿಟಕಿ ಹತ್ತಿರ ಕೂರಿಸಿ ನೋಡಿದರು, ಬೋರ್ಡ್ ಮುಂದೆ ಕೂರಿಸಿ ನೋಡಿದರು. ಎಲ್ಲಿ ಕೂರಿಸಿದರೂ ಅಷ್ಟೇ. ಎರಡೇ ದಿನದಲ್ಲಿ ಆ ಬೆಂಚು ಪೂರ್ತಿ ವಟವಟ ಶುರುಮಾಡುತ್ತಿತ್ತು.

ಕೊನೆಗೆ ಮಿಸ್ ಅವಳನ್ನು ಹೊಸ ಹುಡುಗಿಯ ಪಕ್ಕಕ್ಕೆ ಹಾಕಿದರು. "ಇವಳ ಹತ್ತಿರ ನಿನ್ನ ಆಟ ನಡೆಯಲ್ಲ ನೋಡು," ಎಂದರು.

ಅದು ನಿಜವೇ. ಆ ಹುಡುಗಿ ಈ ಸ್ಕೂಲಿಗೆ ಬಂದಾಗಿನಿಂದ ಒಂದಕ್ಷರ ಮಾತಾಡಿರಲಿಲ್ಲ. ಅಟೆಂಡೆನ್ಸ್‌ಗೂ ಕೈ ಎತ್ತುತ್ತಿದ್ದಳು ಅಷ್ಟೇ. ಮಕ್ಕಳು ಅವಳಿಗೆ 'ಮ್ಯೂಟ್' ಅಂತ ಹೆಸರಿಟ್ಟಿದ್ದರು. ಬುಗುರಿ ತನ್ನ ಅಂಗಡಿ, ತನ್ನ ತಾತ, ಬಿದ್ದುಹೋದ ತನ್ನ ಹಲ್ಲು, ಎಲ್ಲದರ ಕತೆಯನ್ನೂ ಅವಳಿಗೆ ಹೇಳಿ ಮುಗಿಸಿದ್ದಳು. ಸಿಕ್ಕಿದ್ದು ಬರೀ ತಲೆಯಾಡಿಸುವಿಕೆ. ಗೋಡೆ ಜೊತೆ ಮಾತಾಡಿದ್ದರೆ ಗೋಡೆಯಾದರೂ ಎರಡು ಮಾತು ಆಡುತ್ತಿತ್ತೇನೋ.

ಇಷ್ಟರ ಮೇಲೆ ಶುಕ್ರವಾರ ಮಿಸ್ ಬೆಂಚಿಗೊಂದು ಚೀಟಿ ಕೊಟ್ಟರು. ಚೀಟಿಯಲ್ಲಿ ಒಂದು ಅಕ್ಷರ. ಆ ಅಕ್ಷರದಿಂದ ಶುರುವಾಗುವ ಹಣ್ಣುಗಳನ್ನು ಸೋಮವಾರ ತಂದು ಕ್ಲಾಸಿಗೆ ತೋರಿಸಬೇಕು. ಮುಂದಿನ ಬೆಂಚಿಗೆ 'ಸ' ಬಂತು. ಅವರಿಗೇನು, ಸೇಬು, ಸಪೋಟ, ಸೀತಾಫಲ ಅಂತ ಹಬ್ಬವೋ ಹಬ್ಬ. ಕೊನೆಯ ಬೆಂಚಿನ ಹುಡುಗರಿಗೆ 'ಟ' ಬಂತು. "ಮಿಸ್, ಟೊಮೆಟೊ ಕೂಡ ಹಣ್ಣೇ ಮಿಸ್," ಎಂದು ಅವರು ಬೆಲ್ ಹೊಡೆಯುವವರೆಗೂ ವಾದ ಮಾಡಿದರು.

ಬುಗುರಿಯ ಬೆಂಚಿಗೆ ಬಂದದ್ದು 'ಬ'.

"ಏನೂ ಯೋಚನೆ ಮಾಡ್ಬೇಡ," ಎಂದಳು ಬುಗುರಿ ಹೊಸ ಹುಡುಗಿಗೆ. "ನಮ್ಮದೇ ಹಣ್ಣಿನಂಗಡಿ. ಎಲ್ಲಾ ನಾನೇ ತರ್ತೀನಿ, ಎಲ್ಲಾ ನಾನೇ ಮಾತಾಡ್ತೀನಿ. ನೀನು ಸುಮ್ನೆ ಪಕ್ಕದಲ್ಲಿ ನಿಂತ್ಕೋ, ಸಾಕು."

ಹೊಸ ಹುಡುಗಿ ತಲೆಯಾಡಿಸಿದಳು.

ಅವತ್ತು ಸಂಜೆ ಅಂಗಡಿಯಲ್ಲಿ ಅಮ್ಮ ತುಂಬಾ ಖುಷಿಯಲ್ಲಿದ್ದಳು. ಹಿಂದಿನ ಕೋಣೆಯಲ್ಲಿ ಒಂದು ದೊಡ್ಡ ರಟ್ಟಿನ ಡಬ್ಬ ಬಂದು ಕೂತಿತ್ತು. ಅದರ ತುಂಬ ಬಟರ್ ಫ್ರೂಟ್. ಒಂದೊಂದೂ ಕಲ್ಲಿನ ಹಾಗೆ ಗಟ್ಟಿ.

"ಹಾಸ್ಟೆಲ್‌ಗೆ ಹೊಸ ಅಡುಗೆಯವರು ಬಂದಿದಾರಲ್ಲ, ಅವರ ಆರ್ಡರ್," ಎಂದಳು ಅಮ್ಮ. "ಗುರುವಾರ ಅಲ್ಲಿ ಸ್ಪೋರ್ಟ್ಸ್ ಡೇ. ಅವತ್ತಿಗೆ ಸರಿಯಾಗಿ ಹಣ್ಣಾಗಿರಬೇಕಂತೆ, ಮಿಲ್ಕ್‌ಶೇಕ್‌ಗೆ. ಮುಂಚೆನೇ ಮೆತ್ತಗಾದ್ರೆ ಕಪ್ಪಾಗಿ ಹೋಗುತ್ತೆ, ಬೇಡ ಅಂದಿದಾರೆ. ಇದೊಂದು ಚೆನ್ನಾಗಿ ಆದ್ರೆ ಇನ್ಮೇಲೆ ಪ್ರತಿ ವಾರ ಹಾಸ್ಟೆಲ್‌ಗೆ ನಮ್ಮ ಅಂಗಡಿಯಿಂದಾನೇ ಹಣ್ಣು."

ಇಷ್ಟು ದೊಡ್ಡ ಆರ್ಡರ್ ಅಮ್ಮನಿಗೆ ಯಾವತ್ತೂ ಬಂದಿರಲಿಲ್ಲ. ತಕ್ಕಡಿ ಒರೆಸುವಾಗಲೂ ಅವಳು ಏನೋ ಗುನುಗುತ್ತಿದ್ದಳು.

ಬುಗುರಿ ಮಾತ್ರ ತನ್ನ 'ಬ' ಯೋಚನೆಯಲ್ಲಿದ್ದಳು. ಬಟರ್ ಫ್ರೂಟ್ ಇಲ್ಲೇ ಇದೆ. ಒಂದು ತೆಗೆದುಕೊಂಡರೆ ಅಮ್ಮ ಏನೂ ಅನ್ನುವುದಿಲ್ಲ. ಬೋರೆಹಣ್ಣು ಒಂದು ಪೊಟ್ಟಣ ಸಿಕ್ಕಿತು. ಬಾಳೆಹಣ್ಣೇ ಕಷ್ಟ. ಅಂಗಡಿಯಲ್ಲಿ ಬಾಳೆಹಣ್ಣಿಗೆ ತಾತನ ಕಾಟ. ಬಂದು ಹೋಗುವಾಗೆಲ್ಲ ಒಂದೊಂದು ಗುಳುಂ ಮಾಡುತ್ತಿದ್ದ. ಸೋಮವಾರದವರೆಗೆ ಒಂದೂ ಉಳಿಯುವ ಹಾಗೆ ಕಾಣಲಿಲ್ಲ.

ಬುಗುರಿ ಚೆನ್ನಾಗಿ ಹಳದಿಯಾದ ಒಂದು ದೊಡ್ಡ ಚಿಪ್ಪು ಬಾಳೆಹಣ್ಣು ಕಿತ್ತು ತಂದಳು. ಬಟರ್ ಫ್ರೂಟ್ ಡಬ್ಬ ತೆರೆದು ಅದರ ನಡುವೆ ಇಟ್ಟಳು. ಬೋರೆಹಣ್ಣಿನ ಪೊಟ್ಟಣವನ್ನೂ ತುರುಕಿದಳು. ಮುಚ್ಚಳ ಹಾಕಿ, ತಾತನಿಗೆ ಕಾಣದ ಹಾಗೆ ಮೇಲೊಂದು ಗೋಣಿಚೀಲ ಹೊದಿಸಿದಳು.

ಅಮ್ಮನ ಮಾತು ನೆನಪಾಗಲಿಲ್ಲ ಅಂತಲ್ಲ. ನೆನಪಾಯಿತು. 'ಮಾತಿನಮಲ್ಲಿ ಅಂತೆ,' ಎಂದು ಮೂತಿ ತಿರುಗಿಸಿದಳು. ಬಾಳೆಹಣ್ಣಿನ ಬೆನ್ನು ತಟ್ಟಿ, "ನೀನು ಇಲ್ಲೇ ಇರು, ಎಷ್ಟು ಬೇಕೋ ಅಷ್ಟು ಮಾತಾಡು," ಎಂದು ಬಾಗಿಲು ಹಾಕಿಕೊಂಡು ಬಂದಳು.

ಭಾನುವಾರವೆಲ್ಲ ತಾತ ಅಂಗಡಿ ಸುತ್ತ ಮೂಸುತ್ತಾ ಓಡಾಡಿದ. "ಬಾಳೆಹಣ್ಣಿನ ವಾಸನೆ ಬರ್ತಿದೆ, ಹಣ್ಣು ಮಾತ್ರ ಕಾಣ್ತಿಲ್ಲ," ಎಂದು ಗೊಣಗಿದ. ಬುಗುರಿ ನಗು ತಡೆಯಲಾರದೆ ಬಾಯಿಗೆ ಬಟ್ಟೆ ತುರುಕಿಕೊಂಡಳು.

ಸೋಮವಾರ ಬೆಳಗ್ಗೆ ಅಮ್ಮ ಹೋಲ್‌ಸೇಲ್ ಮಾರ್ಕೆಟ್‌ಗೆ ಹೋಗಿದ್ದಳು. ಬುಗುರಿ ಯೂನಿಫಾರ್ಮ್ ಹಾಕಿಕೊಂಡು ಹಿಂದಿನ ಕೋಣೆಗೆ ಬಂದು ಮುಚ್ಚಳ ತೆಗೆದಳು. ಬಾಳೆಹಣ್ಣಿನ ಘಮ್ಮೆನ್ನುವ ವಾಸನೆ ಮುಖಕ್ಕೆ ಹೊಡೆಯಿತು. ಒಂದು ಬಟರ್ ಫ್ರೂಟ್ ಕೈಗೆತ್ತಿಕೊಂಡಳು. ಬೆರಳು ಒಳಗೆ ಇಳಿಯಿತು.

ಇನ್ನೊಂದನ್ನು ಒತ್ತಿದಳು. ಅದೂ ಮೆತ್ತಗೆ. ಅಡಿಯಿಂದ ಒಂದನ್ನು ಎಳೆದಳು. ಅದೂ ಮೆತ್ತಗೆ. ಕಲ್ಲಿನ ಹಾಗಿದ್ದ ಹಣ್ಣುಗಳೆಲ್ಲ ತಾತನ ಗಲ್ಲದ ಹಾಗಾಗಿದ್ದವು.

ಗುರುವಾರ ಇನ್ನೂ ಎಲ್ಲೋ ಇತ್ತು.  ಅಮ್ಮ ಗುನುಗುತ್ತಾ ತಕ್ಕಡಿ ಒರೆಸುತ್ತಿದ್ದದ್ದು ಕಣ್ಣ ಮುಂದೆ ಬಂದು ಅಳು ಒತ್ತರಿಸಿತು.

ಮೂರು ಥರದ ಹಣ್ಣನ್ನೂ ಸ್ವಲ್ಪ ಸ್ವಲ್ಪ ಬುಟ್ಟಿಗೆ ಹಾಕಿಕೊಂಡು ಹೇಗೋ ಸ್ಕೂಲಿಗೆ ಬಂದಳು.  'ಸ' ಬೆಂಚಿನವರ ಸಡಗರ ಮುಗಿಯಿತು. 'ಟ' ಬೆಂಚಿನವರು ಮೂರು ಟೊಮೆಟೊ ಹಿಡಿದು ಬಂದು, ನಕ್ಕು, ಬೈಸಿಕೊಂಡು ಹೋದರು. ಆಮೇಲೆ 'ಬ'.

ಬುಗುರಿ ಬುಟ್ಟಿ ಹಿಡಿದು ಮುಂದೆ ಬಂದು ನಿಂತಳು. ಬಾಯಿ ತೆರೆದಳು. ಏನೂ ಹೊರಗೆ ಬರಲಿಲ್ಲ.

"ಏನಮ್ಮ, ಬ್ಯಾಟರಿ ಮುಗೀತಾ?" ಎಂದರು ಮಿಸ್. ಕ್ಲಾಸೆಲ್ಲ ಗೊಳ್ಳೆಂದಿತು.

ಆಗ ಪಕ್ಕದಿಂದ ಒಂದು ಧ್ವನಿ ಕೇಳಿತು. "ಇದು ಬಾಳೆಹಣ್ಣು. ಇದು ಬೋರೆಹಣ್ಣು."

ನಗು ಗಪ್ಪನೆ ನಿಂತಿತು. ಹೊಸ ಹುಡುಗಿ ಬುಟ್ಟಿಯಿಂದ ಹಸಿರು ಹಣ್ಣು ಎತ್ತಿ ಹಿಡಿದಿದ್ದಳು. 

"ಇದು ಬಟರ್ ಫ್ರೂಟ್. ಬೆಣ್ಣೆಹಣ್ಣು ಅಂತಾನೂ ಅಂತಾರೆ. ಹೇಗೆ ಕರೆದ್ರೂ ಇದು ನಮ್ಮದೇ." 'ಟ' ಬೆಂಚಿನ ಕಡೆ ನೋಡಿ, "ಟೊಮೆಟೊ ಥರ ಮೋಸ ಇಲ್ಲ," ಎಂದಳು.

ಕ್ಲಾಸು ಚಪ್ಪಾಳೆ ಹೊಡೆಯಿತು. 'ಟ' ಬೆಂಚಿನ ಹುಡುಗರೂ ಹೊಡೆದರು.

ಬೆಂಚಿಗೆ ಬಂದು ಕೂತ ಮೇಲೆ ಹೊಸ ಹುಡುಗಿ ಮೆಲ್ಲಗೆ ಕೇಳಿದಳು, "ಏನಾಯ್ತು ನಿಂಗೆ?"

ಬುಗುರಿ ಡಬ್ಬ, ಬಾಳೆಹಣ್ಣು, ಅಮ್ಮ, ಹಾಸ್ಟೆಲ್ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಕೇಳಿಸಿಕೊಂಡ ಹುಡುಗಿ, "ಹಾಸ್ಟೆಲ್ ಅಡುಗೆಯವರು ನಮ್ಮಪ್ಪ," ಎಂದಳು.

"ಅಯ್ಯೋ. ಅವರಿಗೆ ಹೇಳ್ಬೇಡ ಕಣೇ."

"ಹೇಳ್ಲೇಬೇಕು. ಇವತ್ತೇ ಹೇಳಿದ್ರೆ ಅಪ್ಪ ಏನಾದ್ರೂ ದಾರಿ ಹುಡುಕ್ತಾರೆ. ಗುರುವಾರ ಹೇಳಿದ್ರೆ ಏನ್ ಮಾಡೋಕಾಗುತ್ತೆ? ಮೊದ್ಲು ನಿಮ್ಮಮ್ಮಂಗೆ ಹೇಳೋಣ. ನಾನೂ ಬರ್ತೀನಿ."

ಬುಗುರಿ ಮೂಗು ಒರೆಸಿಕೊಂಡಳು. "ಇಷ್ಟು ಚೆನ್ನಾಗಿ ಮಾತಾಡ್ತೀಯಲ್ಲ, ಇಷ್ಟು ದಿನ ಯಾಕೆ ಸುಮ್ನಿದ್ದೆ?"

"ನೀನು ಎಲ್ಲಿ ಬಿಟ್ಟೆ?" ಎಂದಳು ಹೊಸ ಹುಡುಗಿ.

ಸಂಜೆ ಇಬ್ಬರೂ ಅಂಗಡಿಗೆ ಬಂದಾಗ ಅಮ್ಮ ಹಿಂದಿನ ಕೋಣೆಯಲ್ಲಿ, ತೆರೆದ ಡಬ್ಬದ ಮುಂದೆ ಕೂತಿದ್ದಳು. ಆಗಲೇ ನೋಡಿಬಿಟ್ಟಿದ್ದಳು. ಚಿಪ್ಪಿನಲ್ಲಿ ಉಳಿದಿದ್ದ ಬಾಳೆಹಣ್ಣು ಅವಳ ಮಡಿಲಲ್ಲಿತ್ತು.

"ತಾತ ಅಲ್ಲಮ್ಮ. ನಾನೇ ಇಟ್ಟಿದ್ದು," ಎಂದಳು ಬುಗುರಿ. "ನೀನು ಮಾತಿನಮಲ್ಲಿ ಅಂದಿದ್ದು ನನಗೆ ಅಂದ್ಕೊಂಡೆ."

ಅಮ್ಮ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಬಾಳೆಹಣ್ಣಿಂದ ಒಂದು ಥರ ಗಾಳಿ ಬರುತ್ತೆ ಕಣೇ," ಎಂದಳು ಸೋತ ಧ್ವನಿಯಲ್ಲಿ. "ಅದು ತಗುಲಿದ್ರೆ ಪಕ್ಕದಲ್ಲಿರೋ ಕಾಯೆಲ್ಲ ಬೇಗ ಹಣ್ಣಾಗಿಬಿಡುತ್ತೆ. ಚಿಕ್ಕವಳು, ತಮಾಷೆಯಾಗಿ ಹೇಳಿದ್ರೆ ನೆನಪಿರುತ್ತೆ ಅಂತ ಹಾಗೆ ಹೇಳ್ತಿದ್ದೆ. ನಂದೂ ತಪ್ಪು. ಈಗ ಆ ಹಾಸ್ಟೆಲ್ ಅಣ್ಣಂಗೆ ಏನು ಹೇಳ್ಲಿ?"

"ಅವರು ನಮ್ಮಪ್ಪ, ನಾವು ಹೇಳ್ತೀವಿ ಆಂಟಿ," ಎಂದಳು ಹೊಸ ಹುಡುಗಿ.

ಡಬ್ಬವನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ಮೂವರೂ ಹಾಸ್ಟೆಲ್ಲಿಗೆ ಹೋದರು. ಅಡುಗೆಮನೆಯಲ್ಲಿ ದೊಡ್ಡ ದೊಡ್ಡ ಪಾತ್ರೆಗಳನ್ನು ಬೋರಲು ಹಾಕಿದ್ದರು. ಅಡುಗೆಯವರು ಭಾರಿ ಆಳು, ಹೆಗಲ ಮೇಲೊಂದು ಟವೆಲ್. ಬುಗುರಿ ನೆಲ ನೋಡುತ್ತಾ ನಡೆದದ್ದನ್ನೆಲ್ಲ ಹೇಳಿದಳು.

ಅವರು ಒಂದೊಂದೇ ಹಣ್ಣನ್ನು ಒತ್ತಿ ನೋಡಿದರು. ಒಂದನ್ನು ಹೋಳು ಮಾಡಿ ನಾಲಿಗೆಗೆ ಹಚ್ಚಿಕೊಂಡರು. ಅಮ್ಮ ಸೆರಗಿನ ತುದಿ ತಿರುಚುತ್ತಾ ನಿಂತಿದ್ದಳು.

"ಹಣ್ಣು ಚೆನ್ನಾಗಿದೆ ಅಕ್ಕ, ಅವಸರ ಮಾಡಿದೆ ಅಷ್ಟೇ," ಎಂದರು. "ಇವತ್ತೇ ತಿರುಳು ತೆಗೆದು, ನಿಂಬೆರಸ ಬೆರೆಸಿ ಫ್ರೀಜರ್‌ಗೆ ಹಾಕೋಣ. ಗುರುವಾರ ಮಿಲ್ಕ್‌ಶೇಕ್ ಮಾಡೋಕೆ ಏನೂ ತೊಂದರೆ ಇಲ್ಲ. ನಾಳೆ ಬಂದು ಹೇಳಿದ್ರೆ ಕಷ್ಟ ಇತ್ತು. ಆದ್ರೆ ನನ್ನೊಬ್ಬನ ಕೈಲಿ ಆಗಲ್ಲ. ಎಲ್ಲರೂ ಸ್ಪೂನ್ ಹಿಡೀರಿ."

ಎಲ್ಲರೂ ಸ್ಪೂನ್ ಹಿಡಿದರು. ಅಮ್ಮ ಸಿಪ್ಪೆ ಸೀಳಿದಳು, ಅಡುಗೆಯವರು ಬೀಜ ತೆಗೆದರು, ಹುಡುಗಿಯರು ತಿರುಳು ಕೆರೆದರು. ಸ್ವಲ್ಪ ಹೊತ್ತಿಗೆ ಇಬ್ಬರಿಗೂ ಹಸಿರು ಮೀಸೆ ಬಂದಿತ್ತು. ಅಮ್ಮ ಮತ್ತೆ ಗುನುಗತೊಡಗಿದಳು.

"ಅಂದ ಹಾಗೆ ನಿನ್ನ ಹೆಸರೇನಮ್ಮ?" ಎಂದರು ಅಡುಗೆಯವರು.

"ಎಲ್ಲರೂ ಬುಗುರಿ ಅಂತಾರೆ ಅಂಕಲ್."

ಅವರ ಕೈಯಲ್ಲಿದ್ದ ಚಾಕು ಹಾಗೇ ನಿಂತಿತು. "ಓಹೋ, ಆ ಬುಗುರಿ ನೀನೇನಾ? ನಿನ್ನ ತಾತ, ನಿನ್ನ ಹಲ್ಲು, ಎಲ್ಲಾ ಗೊತ್ತು ನಂಗೆ. ಊರು ಬಿಟ್ಟು ಬಂದ ಮೇಲೆ ಇವಳು ಮನೆಯಲ್ಲೂ ಬಾಯಿ ಬಿಡ್ತಿರ್ಲಿಲ್ಲ ಕಣಮ್ಮ. ನೀನು ಪಕ್ಕದಲ್ಲಿ ಕೂತಿದ್ದೇ ಕೂತಿದ್ದು, ದಿನಾ ರಾತ್ರಿ ಊಟಕ್ಕೆ ಕೂತ್ರೆ ನಿನ್ನದೇ ಸುದ್ದಿ."

ಹೊಸ ಹುಡುಗಿ ನಾಚಿಕೊಂಡು ಪಾತ್ರೆಯೊಳಗೇ ತಲೆ ಹಾಕಿದಳು.  ಬುಗುರಿ ಒಂದು ದೊಡ್ಡ ಹೋಳನ್ನು ಅವಳ ಮುಂದಕ್ಕೆ ತಳ್ಳಿದಳು.

ಗುರುವಾರ ಮಿಲ್ಕ್‌ಶೇಕ್ ಸಾಲದೆ ಬಂತಂತೆ. ಮುಂದಿನ ವಾರದ ಆರ್ಡರ್ ಹೇಳಲು ಬಂದ ಅಡುಗೆಯವರು, "ಈ ಸಲ ಬಾಳೆಹಣ್ಣೂ ಬೇಕು ಅಕ್ಕ, ಬೇರೆ ಡಬ್ಬದಲ್ಲಿ," ಎಂದರು.

ಶುಕ್ರವಾರ ಕ್ಲಾಸಿನಲ್ಲಿ ಮಿಸ್ ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದರು. ಹಿಂದಿನಿಂದ ಗುಸುಗುಸು, ನಡುವೆ ಕಿಸಕ್ಕನೆ ನಗು. ಮಿಸ್ ತಿರುಗದೆಯೇ, "ಯಾರದು ಮಾತು?" ಎಂದರು.

ಎಲ್ಲರೂ ಅಭ್ಯಾಸದ ಹಾಗೆ ಬುಗುರಿಯ ಕಡೆ ಕೈ ತೋರಿಸಿದರು. ಆದರೆ ಬುಗುರಿಯ ಬಾಯಿ ಮುಚ್ಚಿತ್ತು. ಹಳೇ ಊರಿನ ಮನೆಯ ಬೆಕ್ಕು ಹಾಲಿನ ಪಾತ್ರೆಗೆ ಬಿದ್ದ ಕತೆಯನ್ನು ಹೊಸ ಹುಡುಗಿ ಕೈ ಬಾಯಿ ಕಣ್ಣು ತಿರುಗಿಸುತ್ತಾ ಹೇಳುತ್ತಿದ್ದಳು. ಮಿಸ್ ತಿರುಗಿದ್ದೂ ಅವಳಿಗೆ ಗೊತ್ತಾಗಲಿಲ್ಲ.

ಮಿಸ್ ಇಬ್ಬರನ್ನೂ ನೋಡಿದರು. ಬುಗುರಿ ಎದ್ದು ಬ್ಯಾಗ್ ಎತ್ತಿಕೊಂಡಳು. ಇನ್ನು ಯಾವ ಬೆಂಚೋ.

"ಬ್ಯಾಗ್ ಕೆಳಗಿಡು," ಎಂದರು ಮಿಸ್. "ಅಲ್ಲೇ ಕೂತ್ಕೋ." ಮತ್ತೆ ಬೋರ್ಡಿನ ಕಡೆ ತಿರುಗಿಕೊಂಡರು. ಯಾರಿಗೂ ಬೈಯದೆ ಲೆಕ್ಕ ಮುಂದುವರಿಸಿದರು.

ಬುಗುರಿಗೆ ಅಂಗಡಿಯ ಬಾಗಿಲಲ್ಲಿ ಒಂಟಿಯಾಗಿ ನೇತಾಡುವ ಬಾಳೆಗೊನೆ ನೆನಪಾಯಿತು. ಅವಳು ಬ್ಯಾಗನ್ನು ಕಾಲ ಹತ್ತಿರ ಇಟ್ಟಳು. ಬೆಂಚಿನ ಮೇಲೆ ಇನ್ನೊಂದಿಷ್ಟು ಸರಿದು, ಗೆಳತಿಗೆ ಅಂಟಿಕೊಂಡು ಕೂತಳು.

"ಆಮೇಲೆ ಬೆಕ್ಕು ಏನ್ ಮಾಡ್ತು?" ಎಂದಳು ಪಿಸುಮಾತಿನಲ್ಲಿ.